ಸರಳೆಗೆ ಎಷ್ಟು ವಯಸ್ಸು?

ಅಡ್ಯಾರಿಗೆ ಬಂದು ಸಂಸಾರ ಹೂಡಿದ ಹೊಸದರಲ್ಲಿ ನನಗೆ ಪೂರ್ತಿ ಅರ್ಥವಾಗುತ್ತಿದ್ದ ತಮಿಳು ವಾಕ್ಯಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ಎದುರುಮನೆ ಮಾಮಿಯದು. ಮೆಟ್ಟಿಲ ಬಳಿ ಸಿಕ್ಕಾಗಲೆಲ್ಲ ನನ್ನ ಮಗಳ ಕೆನ್ನೆ ಸವರಿ, "ಪಾಟ್ಟು ಕತ್ತುಕ್ಕರಾಳಾ?" ಅನ್ನುತ್ತಿದ್ದರು. ಹಾಡು ಕಲೀತಿದಾಳಾ ಅಂತ. ಮಗಳಿಗೆ ಆಗ ಇನ್ನೂ ಮೂರು ತುಂಬಿರಲಿಲ್ಲ. ಮೊದಲ ಸಲ ನಾನು ನಕ್ಕುಬಿಟ್ಟೆ. ಮಾಮಿ ನಗಲಿಲ್ಲ. ಚೆನ್ನೈಯ ಈ ಕಡೆ ಅದು ಊಟ ಆಯ್ತಾ ಎನ್ನುವಷ್ಟೇ ಸಹಜವಾದ ಪ್ರಶ್ನೆ. ಸಂಜೆ ಗಾಂಧಿನಗರದ ಅಡ್ಡರಸ್ತೆಗಳಲ್ಲಿ ತರಕಾರಿ ಚೀಲ ಹಿಡಿದು ಬರುವಾಗ ಒಂದು ಮನೆಯಿಂದ ಸರಳೆ ವರಸೆ, ಇನ್ನೊಂದು ಮನೆಯಿಂದ ವರ್ಣ, ಮೂರನೆಯದರಿಂದ ಅಳು ಕೇಳಿಸುತ್ತಿತ್ತು. ಮೂರನೆಯ ಮನೆಯಲ್ಲೂ ನಡೆಯುತ್ತಿದ್ದುದು ಸಂಗೀತ ಪಾಠವೇ.

ಮೈಸೂರಿನಿಂದ ಅಮ್ಮನ ಫೋನು ಬಂದರೂ ಅದೇ ಮಾತು. "ಇನ್ನೂ ಸೇರಿಸಿಲ್ವೇನೇ? ನಿನ್ನ ಐದಕ್ಕೆ ಕೂರಿಸಿದ್ದೆ. ಇವಳನ್ನ ನಾಲ್ಕಕ್ಕೇ ಕೂರಿಸು, ಅಂಥಾ ಊರಲ್ಲಿದೀಯ." ಸಾಗರದ ಕಡೆಯವರಾದ ನನ್ನ ಯಜಮಾನರದು ಇನ್ನೊಂದು ವಾದ. "ಅವಳಿಗೆ ಬೇಕು ಅನ್ಸಿದಾಗ ಕಲೀತಾಳೆ, ಬಿಡು ಮಾರಾಯ್ತಿ."

ನೋಡಿದರೆ ಇದು ಬರೀ ವ್ಯಾವಹಾರಿಕ ಪ್ರಶ್ನೆ. ಶಾಲೆಗೆ ಯಾವಾಗ ಸೇರಿಸುವುದು, ಸೈಕಲ್ ಯಾವಾಗ ಕೊಡಿಸುವುದು ಎಂಬ ಹಾಗೆ. ಆದರೆ ನನಗೆ ಹಾಗನ್ನಿಸಲಿಲ್ಲ. ಬೇಕು ಬೇಡ ಹೇಳಲು ಬಾರದ ಜೀವಕ್ಕೆ ನಾವು ಒಂದನ್ನು ಆರಿಸಿ ಕೊಡುತ್ತೇವೆ. ಅದು ಅವಳಿಗಾಗಿ ಕೊಟ್ಟದ್ದೋ ನಮಗಾಗಿ ಕೊಟ್ಟುಕೊಂಡದ್ದೋ ಹೇಗೆ ತಿಳಿಯುವುದು?

ನನ್ನ ಕಥೆ ಹೇಳಿಬಿಡುತ್ತೇನೆ. ಅಮ್ಮನಿಗೆ ಸಂಗೀತ ಕಲಿಯುವ ಆಸೆ ಇತ್ತು, ಅವರಪ್ಪ ಕಲಿಸಲಿಲ್ಲ. ಅಮ್ಮ ನನಗೆ ಬಿಡಲಿಲ್ಲ. ಐದನೆಯ ವಯಸ್ಸಿನ ವಿಜಯದಶಮಿಗೆ ಕೂರಿಸಿದರು. ಆರು ವರ್ಷ ಹೋದೆ. ಹನ್ನೊಂದಕ್ಕೆ ಜೂನಿಯರ್ ಪರೀಕ್ಷೆ ಕಟ್ಟಿದ್ದಾಯಿತು. ಪರೀಕ್ಷೆಯ ಹಿಂದಿನ ರಾತ್ರಿ ನನಗೆ ಜ್ವರ ಬಂತು. ನಿಜವಾಗಿ ಬಂತೋ, ನಾನೇ ಬರಿಸಿಕೊಂಡೆನೋ, ಇವತ್ತಿಗೂ ಗೊತ್ತಿಲ್ಲ. ಪರೀಕ್ಷೆಗೆ ಹೋಗಲಿಲ್ಲ, ಆಮೇಲೆ ಪಾಠಕ್ಕೂ ಹೋಗಲಿಲ್ಲ. ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶ್ರುತಿಪೆಟ್ಟಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು, ಅಷ್ಟೆ. ಆ ಗಂಟು ಎಷ್ಟೋ ವರ್ಷ ಅಲ್ಲೇ ಇತ್ತು. ಹಬ್ಬಕ್ಕೆ ಪಾತ್ರೆ ಇಳಿಸಲು ಅಟ್ಟ ಹತ್ತಿದಾಗೆಲ್ಲ ನಾನು ಅದರ ಕಡೆ ನೋಡುತ್ತಿರಲಿಲ್ಲ.

ಹೀಗಿರುವವಳು ಮಗಳ ವಿಷಯದಲ್ಲಿ ಹಿಂದೆಮುಂದೆ ನೋಡಿದರೆ ಆಶ್ಚರ್ಯವೇನು?

ಬೇಗ ಶುರುಮಾಡಬೇಕು ಎನ್ನುವವರ ಬಳಿ ಆಧಾರವಿಲ್ಲದಿಲ್ಲ. 2013ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ, ಏಳು ವರ್ಷಕ್ಕೆ ಮೊದಲೇ ವಾದ್ಯ ಹಿಡಿದವರನ್ನೂ ಆಮೇಲೆ ಹಿಡಿದವರನ್ನೂ ಹೋಲಿಸಿ ನೋಡಿದ್ದರು. ಇಬ್ಬರೂ ಕಲಿತ ವರ್ಷಗಳು ಹೆಚ್ಚುಕಡಿಮೆ ಒಂದೇ. ಆದರೂ ಮಿದುಳಿನ ಎಡ ಬಲಗಳನ್ನು ಜೋಡಿಸುವ ನರತಂತುಗಳಲ್ಲಿ ವ್ಯತ್ಯಾಸ ಕಂಡಿತು. ಲಯಕ್ಕೆ ಸರಿಯಾಗಿ ಬೆರಳಾಡಿಸುವುದರಲ್ಲೂ ಬೇಗ ಶುರುಮಾಡಿದವರದೇ ಮೇಲುಗೈ. ಸ್ವರ ಕೇಳಿದೊಡನೆ ಅದು ಯಾವುದೆಂದು ಹೇಳಬಲ್ಲ ಕಿವಿಯೂ ಹೆಚ್ಚಾಗಿ ಎಳವೆಯಲ್ಲೇ ಕಲಿತವರಿಗೆ ಬರುತ್ತದೆ ಎನ್ನುತ್ತಾರೆ. ಆದರೆ ಅಂಥ ಕಿವಿ ನಮ್ಮ ಸಂಗೀತಕ್ಕೆ ಅಷ್ಟೇನೂ ಬೇಕಾಗಿಲ್ಲ. ನಮ್ಮಲ್ಲಿ ಷಡ್ಜಕ್ಕೆ ಗೊತ್ತುಮಾಡಿದ ಜಾಗವಿಲ್ಲ; ಹಾಡುವವರ ಕಂಠಕ್ಕೆ ಎಲ್ಲಿ ಒಗ್ಗುತ್ತದೋ ಅಲ್ಲೇ ಸ. ನಮ್ಮ ಕಿವಿ ಕಲಿಯಬೇಕಾದ್ದು ಒಂದು ಸ್ವರಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು.

ದೊಡ್ಡವರ ಚರಿತ್ರೆ ನೋಡೋಣವೆಂದರೆ ಅದೂ ಒಂದೇ ಉತ್ತರ ಕೊಡುವುದಿಲ್ಲ. ಬಾಲಮುರಳಿಕೃಷ್ಣ ಎಂಟರ ಸುಮಾರಿಗೇ ಕಛೇರಿ ಮಾಡಿದವರು. ನಮ್ಮ ಗದಗಿನ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ಹುಡುಗ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟೇ ಹೋದವರು. ನಾನು ಜ್ವರ ಬರಿಸಿಕೊಂಡು ಮಲಗಿದ್ದೂ ಹನ್ನೊಂದಕ್ಕೇ! ಜಪಾನಿನ ಶಿನಿಚಿ ಸುಜುಕಿ ಪಿಟೀಲು ಹಿಡಿದದ್ದು ಹದಿನೇಳರಲ್ಲಿ.

ಈ ಸುಜುಕಿಯ ಮಾತು ಬಂತಲ್ಲ, ಸ್ವಲ್ಪ ಅಲ್ಲೇ ನಿಲ್ಲೋಣ. ತಾವು ತಡವಾಗಿ ಶುರುಮಾಡಿದ ಈ ಮನುಷ್ಯ ಮುಂದೆ ಮೂರು ನಾಲ್ಕು ವರ್ಷದ ಮಕ್ಕಳಿಗೆ ಪಿಟೀಲು ಕಲಿಸಿ ಲೋಕಕ್ಕೆಲ್ಲ ಹೆಸರಾದರು. ಅವರಿಗೆ ಹೊಳೆದದ್ದು ಬಹಳ ಸರಳವಾದ ಸಂಗತಿ: ಜಪಾನಿನ ಮಕ್ಕಳೆಲ್ಲ ಜಪಾನಿ ಭಾಷೆ ಮಾತಾಡುತ್ತಾರೆ. ಅಷ್ಟು ಕಷ್ಟದ ಭಾಷೆ ಎಲ್ಲ ಮಕ್ಕಳಿಗೂ ಬರುತ್ತದಾದರೆ ಸಂಗೀತವೂ ಬರಬೇಕಲ್ಲ? ಅದಕ್ಕೇ ಅವರು ತಮ್ಮ ಕ್ರಮವನ್ನು ಮಾತೃಭಾಷೆಯ ಕ್ರಮ ಎಂದರು. ಮಗು ಮೊದಲು ಕೇಳಬೇಕು, ಕೇಳುತ್ತಲೇ ಇರಬೇಕು. ಮಗುವಿನ ಜೊತೆ ತಾಯಿಯೋ ತಂದೆಯೋ ತಾವೂ ಕಲಿಯಬೇಕು.

ಹೊರನಾಡಿನಲ್ಲಿರುವ ನಮ್ಮಂಥವರಿಗೆ ಈ ಹೋಲಿಕೆ ತಟ್ಟನೆ ಮನಸ್ಸಿಗೆ ನಾಟುತ್ತದೆ. ಮಗಳಿಗೆ ಕನ್ನಡ ಕೊಡುವಾಗ ಅವಳ ಒಪ್ಪಿಗೆ ಕೇಳಿದೆವೇ? ಇಲ್ಲ. ಅದು ತಪ್ಪು ಅಂತ ಯಾರೂ ಹೇಳುವುದಿಲ್ಲ. ಏಕೆಂದರೆ ಅದು ನಾವು ಬದುಕುತ್ತಿರುವ ಭಾಷೆ. ಜಗಳ, ಮುದ್ದು, ಹಾಲು ಉಕ್ಕಿದ ಗಡಿಬಿಡಿ ಎಲ್ಲ ಅದರಲ್ಲೇ. ನಾವೇ ಉಣ್ಣುತ್ತಿರುವುದನ್ನು ಅವಳಿಗೂ ಬಡಿಸಿದೆವು, ಅಷ್ಟೆ. ಆದರೆ ಸಂಗೀತ? ನಾನು ಹಾಡುವುದಿಲ್ಲ, ಇವರು ಹಾಡುವುದಿಲ್ಲ. ಮನೆಯಲ್ಲಿ ಯಾರೂ ಆಡದ ಭಾಷೆಯನ್ನು ವಾರಕ್ಕೆರಡು ದಿನ, ಸಂಜೆ ಐದರಿಂದ ಆರು, ಫೀಜು ಕಟ್ಟಿ ಕಲಿಸುವುದನ್ನು ಮಾತೃಭಾಷೆ ಎನ್ನಲಾದೀತೇ?

ಇನ್ನೂ ಒಂದು ವಿಷಯವಿದೆ, ಹೇಳಲು ಸ್ವಲ್ಪ ನಾಚಿಕೆ. ಮೈಸೂರಿನಲ್ಲಿದ್ದಿದ್ದರೆ ನಾನು ಸಂಗೀತದ ಗೊಡವೆಗೇ ಹೋಗುತ್ತಿರಲಿಲ್ಲವೇನೋ. ಇಲ್ಲಿ ಮಗಳು ಶಾಲೆಯಲ್ಲಿ ತಮಿಳು, ಇಂಗ್ಲಿಷು. ಕೆಳಗೆ ಆಟಕ್ಕೆ ಹೋದರೆ ತಮಿಳು. ಕನ್ನಡ ಎನ್ನುವುದು ನಮ್ಮ ಮೂರು ಕೋಣೆಗಳ ಭಾಷೆ. ದಾಸರ ಪದ ಕಲಿತರೆ ಕನ್ನಡ ಗಟ್ಟಿಯಾದೀತು ಎಂಬ ಲೆಕ್ಕಾಚಾರ ನನ್ನ ತಲೆಯಲ್ಲಿತ್ತು. ಅಂದರೆ ಐದು ವರ್ಷದ ಕೂಸಿನ ಹೆಗಲ ಮೇಲೆ ಮೂರು ಮೂಟೆ. ಅಮ್ಮನಿಗೆ ಸಿಗದ ಸಂಗೀತ ಒಂದು, ನಾನು ಅರ್ಧಕ್ಕೆ ಬಿಟ್ಟ ಪರೀಕ್ಷೆ ಒಂದು, ಬಿಟ್ಟು ಬಂದ ಊರು ಒಂದು. ಯಾವ ವಯಸ್ಸಿಗೆ ಶುರುಮಾಡಿದರೂ ಈ ಭಾರ ಜಾಸ್ತಿಯೇ ಅಲ್ಲವೆ?

ಹೀಗೆ ಯೋಚಿಸುತ್ತ ಎರಡು ವರ್ಷ ಕಳೆದೆ. ಆಮೇಲೆ ಒಂದು ಸಂಜೆ ಹೀಗಾಯಿತು. ಎದುರುಮನೆ ಮಾಮಿಯ ಮೊಮ್ಮಗಳು, ಎಂಟು ವರ್ಷದವಳು, ಪಿಳ್ಳಾರಿ ಗೀತೆ ಅಭ್ಯಾಸ ಮಾಡುತ್ತಿದ್ದಳು. ನನ್ನ ಮಗಳು ಎಂದಿನಂತೆ ಅಲ್ಲಿಯೇ ಗೊಂಬೆ ಇಟ್ಟುಕೊಂಡು ಕೂತಿದ್ದಳು. ತಮಿಳುನಾಡಿನ ಯಾವ ಮಗು ಕರ್ನಾಟಕ ಸಂಗೀತ ಕಲಿತರೂ, ಮಾಯಾಮಾಳವಗೌಳದಲ್ಲಿ ಪುರಂದರದಾಸರು (1484–1564) ಹಾಕಿಕೊಟ್ಟರೆಂದು ಸಂಪ್ರದಾಯ ಹೇಳುವ ಸರಳೆಯಿಂದ ಶುರುಮಾಡಿ, ಮಲಹರಿ ರಾಗದ ಅವರ ಗೀತೆಗಳಿಗೆ ಬರಬೇಕು. ಅಂದು ಆ ಹುಡುಗಿ ಹಾಡುತ್ತಿದ್ದದ್ದು 'ಕೆರೆಯ ನೀರನು'. ಕೆರೆಯದನ್ನೇ ಮೊಗೆದು ಕೆರೆಗೇ ಒಪ್ಪಿಸುವ ಆ ಗೀತೆ. ಅವಳ ಬಾಯಲ್ಲಿ 'ಕೆರೆ' 'ಕರೈ' ಆಗಿತ್ತು. ತಮಿಳಿನಲ್ಲಿ ಕರೈ ಎಂದರೆ ದಡ. ನನ್ನ ಮಗಳು ಗೊಂಬೆಯಿಂದ ತಲೆ ಎತ್ತದೆಯೇ ತಮಿಳಿನಲ್ಲಿ ತಿದ್ದಿದಳಂತೆ: ಅಕ್ಕಾ, ಅದು ಕರೈ ಅಲ್ಲ, ಕೆರೆ. ಕೆರೆ ಅಂದ್ರೆ ಏರಿ.

ತಮಿಳಿನಲ್ಲಿ ಏರಿ ಎಂದರೆ ಕೆರೆ. ನಮ್ಮಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ಎರಡು ಭಾಷೆಗಳೂ ನೀರನ್ನೂ ದಡವನ್ನೂ ಅದಲುಬದಲು ಮಾಡಿಕೊಂಡ ಹಾಗಿದೆ. ಆ ಗೊಂದಲದ ನಡುವೆ ಐದೂವರೆ ವರ್ಷದ ಹುಡುಗಿ ಯಾರ ಸಹಾಯವೂ ಇಲ್ಲದೆ ದಾರಿ ಕಂಡುಕೊಂಡಿದ್ದಳು. ರಾತ್ರಿ ಮಲಗುವಾಗ, "ಅಮ್ಮಾ, ಆ ಹಾಡು ನಮ್ಮನೆ ಭಾಷೇದು, ಅಲ್ವಾ? ಮತ್ತೆ ನನಗ್ಯಾಕೆ ಬರಲ್ಲ?" ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಹಾಡಿ ತೋರಿಸಿದೆ. ಇಪ್ಪತ್ತಾರು ವರ್ಷದ ಮೇಲೆ. ಒಂದಕ್ಷರ ಮರೆತಿರಲಿಲ್ಲ. ಇಲ್ಲೇ ನೋಡಿ ನನ್ನ ವಾದ ಸಡಿಲವಾದದ್ದು. ಬಲವಂತದಿಂದ ಕಲಿಸಿದ್ದು ವ್ಯರ್ಥ ಎಂದು ಇಷ್ಟು ದಿನ ನಂಬಿದ್ದೆ. ಆದರೆ ಆ ರಾತ್ರಿ ನನ್ನ ಗಂಟಲಲ್ಲಿ ಉಳಿದಿದ್ದದ್ದು ಅಮ್ಮನ ಬಲವಂತವೇ. ಹಾಗಂತ ಆ ಜ್ವರ ಸುಳ್ಳಾಗುವುದಿಲ್ಲ. ಎರಡೂ ನಿಜ.

ಮರುವಾರ ಮಾಮಿಯ ಜೊತೆ ಟೀಚರ್ ಮನೆಗೆ ಹೋದೆ. ಆಕೆ ಮಗಳ ವಯಸ್ಸನ್ನೇ ಕೇಳಲಿಲ್ಲ. ಆದಿತಾಳ ಹಾಕಿ ತೋರಿಸಿ ಮಾಡಲು ಹೇಳಿದರು. ತೊಡೆಯ ಮೇಲೊಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು; ಆಮೇಲೆ ಪೆಟ್ಟು, ಮಗುಚು; ಪೆಟ್ಟು, ಮಗುಚು. ಕೈ ಇದನ್ನು ಮಾಡುತ್ತಿರುವಾಗ ಬಾಯಿ ಬೇರೆ ಏನನ್ನೋ ಹಾಡಬೇಕು. ನಾಲ್ಕು ವರ್ಷದ ಬಹಳ ಮಕ್ಕಳಿಗೆ ಕಿರುಬೆರಳು ಒಂಟಿಯಾಗಿ ಏಳುವುದೇ ಇಲ್ಲವಂತೆ. ಮಗಳು ಎರಡು ಸಲ ತಪ್ಪಿ ಮೂರನೆಯದಕ್ಕೆ ಸರಿಮಾಡಿದಳು. ನಾನು ನನ್ನ ಅನುಮಾನ ಹೇಳಿಕೊಂಡೆ, ಅವಳಿಗೇ ಆಸೆ ಬರುವವರೆಗೆ ಕಾಯಬೇಕಲ್ಲವೇ ಎಂದು. ಆಕೆ ತಮಿಳಿನಲ್ಲಿ ಹೇಳಿದ್ದರ ಸಾರ ಇಷ್ಟು: ಹಾಡುವ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ, ಜಂಟಿ ವರಸೆಯ ಆಸೆ ಯಾವ ಮಗುವಿಗೂ ಇರುವುದಿಲ್ಲ. ಮೊದಲನೆಯದು ನಿಮ್ಮ ಮನೆಯಲ್ಲಿ ಆಗಬೇಕು, ಎರಡನೆಯದನ್ನು ನಾನು ನೋಡಿಕೊಳ್ಳುತ್ತೇನೆ.

ಅಲ್ಲಿಂದ ಬರುವಾಗ ಮೈಸೂರು ವಾಸುದೇವಾಚಾರ್ಯರು ನೆನಪಾದರು. 1865ರಲ್ಲಿ ಹುಟ್ಟಿ, ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದವರು, ಎಂಬತ್ತು ದಾಟಿದ ಮೇಲೆ ನಮ್ಮೂರು ಬಿಟ್ಟು ಇದೇ ಅಡ್ಯಾರಿನ ಕಲಾಕ್ಷೇತ್ರಕ್ಕೆ ಬಂದರು. ರುಕ್ಮಿಣಿದೇವಿ ಅರುಂಡೇಲ್ 1936ರಲ್ಲಿ ಕಟ್ಟಿದ ಸಂಸ್ಥೆ ಅದು, ಈಗ ತಿರುವಾನ್ಮಿಯೂರಿನಲ್ಲಿದೆ. ಆ ವಯಸ್ಸಿನಲ್ಲಿ ಆಚಾರ್ಯರು ರಾಮಾಯಣ ನೃತ್ಯನಾಟಕಗಳಿಗೆ ರಾಗ ಹಾಕುತ್ತ ಕೂತರು. ಪೂರ್ತಿ ಮುಗಿಯುವ ಮೊದಲೇ 1961ರಲ್ಲಿ ತೀರಿಕೊಂಡರು. ಉಳಿದದ್ದನ್ನು ಮೊಮ್ಮಗ ರಾಜಾರಾಂ ಮುಂದುವರಿಸಿದರು. ಕಲಿಯಲು ಸರಿಯಾದ ವಯಸ್ಸು ಯಾವುದು ಎಂದು ಅವರನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರೇನೋ.

ಈಗ ನನಗೆ ಅನ್ನಿಸುವುದು ಹೀಗೆ. ಸಂಗೀತಕ್ಕೆ ಎರಡು ಆರಂಭಗಳಿವೆ. ಮೊದಲನೆಯದಕ್ಕೆ ವಯಸ್ಸಿನ ಮಾತೇ ಇಲ್ಲ. ಮನೆಯಲ್ಲಿ ಯಾರಾದರೂ ಗುನುಗಲು ತೊಡಗಿದ ದಿನವೇ ಅದು. ಅದರ ಹೊಣೆ ನಮ್ಮದು, ಮಗುವಿನದಲ್ಲ. ಎರಡನೆಯದು ಪಾಠದ ಆರಂಭ. ಕಿರುಬೆರಳು ಏಳಬೇಕು, ನಿಜ. ಅದರ ಜೊತೆಗೆ ಮಗುವಿಗೆ 'ಸಾಕು' ಎಂದು ಬಾಯಿಬಿಟ್ಟು ಹೇಳಲು ಬರಬೇಕು, ಅದನ್ನು ಕೇಳಿಸಿಕೊಳ್ಳಲು ನಮಗೂ ಬರಬೇಕು. ಹನ್ನೊಂದರಲ್ಲಿ ನನಗೆ ಹಾಗೆ ಹೇಳಲು ಬರಲಿಲ್ಲ. ಅದಕ್ಕೇ ಜ್ವರ ಬಂತು.

ಈ ವಿಜಯದಶಮಿಗೆ ಇಬ್ಬರೂ ಸೇರುತ್ತಿದ್ದೇವೆ, ಮಗಳು ಮೊದಲ ಸಾಲಿನಲ್ಲಿ, ನಾನು ಗೋಡೆಗೊರಗಿ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಶ್ರುತಿಪೆಟ್ಟಿಗೆ ಕಳಿಸ್ಲಾ?" ಅಂದರು. ಅದರ ತಿದಿ ಯಾವತ್ತೋ ಹರಿದುಹೋಗಿದೆ ಅಂತ ನನಗೂ ಗೊತ್ತು, ಅಮ್ಮನಿಗೂ ಗೊತ್ತು. "ಕಳಿಸಮ್ಮ" ಅಂದೆ.

ಮಗಳು ಒಂದು ದಿನ ಸಾಕು ಅನ್ನಬಹುದು. ಆಗ ನಾನು ಅದನ್ನು ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕದೆ ಇದ್ದೇನೇ? ಅದೊಂದು ಮಾತ್ರ ಈಗಲೇ ಹೇಳಲಾರೆ.