ಹೇಳದೇ ಉಳಿದದ್ದು ಸುಳ್ಳೇ?

ಮಂಡಿಯಲ್ಲಿ ಬದನೆಕಾಯಿ ಕೊಳ್ಳುವಾಗ ಹುಳುಕು ನೋಡಿಕೊಳ್ಳುವುದು ಕೊಳ್ಳುವವರ ಕೆಲಸ. ಮಾರುವವನು ತಾನಾಗಿ ಹೇಳುವುದಿಲ್ಲ, ಹೇಳಲಿ ಎಂದು ನಾವು ಕಾಯುವುದೂ ಇಲ್ಲ. ಕರಾರಿನ ಕಾನೂನೂ ಹೆಚ್ಚುಕಡಿಮೆ ಹೀಗೇ: ಕೇಳಿದರೆ ಸುಳ್ಳು ಹೇಳಬೇಡ, ಕೇಳದಿದ್ದರೆ ಸುಮ್ಮನಿರಬಹುದು. ವಿಮೆಗೆ ಮಾತ್ರ ಬೇರೆ ನ್ಯಾಯ. ಅಲ್ಲಿ ಸುಮ್ಮನಿರುವುದೂ ತಪ್ಪಾಗಬಹುದು. ಪಾಲಿಸಿ ಕೊಡಬೇಕೋ ಬೇಡವೋ, ಎಷ್ಟು ಪ್ರೀಮಿಯಂ ಹಾಕಬೇಕು ಎಂಬುದನ್ನು ನಿರ್ಧರಿಸುವ ಸಂಗತಿ ನಿಮಗೆ ಗೊತ್ತಿದ್ದರೆ ನೀವಾಗಿಯೇ ಹೇಳಬೇಕು. ಇದನ್ನು ‘ಪರಮ ಸದ್ಭಾವನೆ’ಯ ತತ್ವ ಎನ್ನುತ್ತಾರೆ.

ಎಂ.ಟೆಕ್ ಮುಗಿಸಿ ಎರಡು ದಶಕಗಳಾಗುತ್ತ ಬಂದವು. ಪುಣೆಯಲ್ಲಿ ನನ್ನ ತಂಡ ವಿಮಾ ಕಂಪನಿಗಳಿಗೆ ಸಾಫ್ಟ್‌ವೇರ್ ಕಟ್ಟುತ್ತದೆ. ಇಂಥ ಓದಿಗೆ ಈ ಊರು ಹೇಳಿ ಮಾಡಿಸಿದ್ದು. 1924ರಲ್ಲಿ ಶುರುವಾದ ಐಎಲ್‌ಎಸ್ ಲಾ ಕಾಲೇಜು ಇಲ್ಲಿದೆ, ಬಾಳೇವಾಡಿಯಲ್ಲಿ ನ್ಯಾಷನಲ್ ಇನ್ಶುರೆನ್ಸ್ ಅಕಾಡೆಮಿ ಇದೆ. ಕೆಲಸಕ್ಕೆ ಉಪಯೋಗವಾದೀತೆಂದು ವಾರಾಂತ್ಯದ ಸ್ನಾತಕೋತ್ತರ ಡಿಪ್ಲೊಮಾ ಒಂದಕ್ಕೆ ಸೇರಿದೆ. ಕಲಮುಗಳನ್ನು ಉರುಹೊಡೆಯುವ ಓದು ಅಂದುಕೊಂಡಿದ್ದೆ. ಆದರೆ ಎರಡನೇ ಪಾಠಕ್ಕೇ ಧರ್ಮಶಾಸ್ತ್ರದ ಪ್ರಶ್ನೆ ಎದುರಿಗೆ ಬಂತು: ಹೇಳದೇ ಉಳಿದದ್ದು ಸುಳ್ಳೇ?

ಈ ತತ್ವದ ಮೂಲ 1766ರ ಕಾರ್ಟರ್–ಬೋಹಮ್ ಮೊಕದ್ದಮೆ. ಸುಮಾತ್ರಾದ ಫೋರ್ಟ್ ಮಾರ್ಲ್‌ಬರೋ ಕೋಟೆಯ ಗವರ್ನರ್ ಕಾರ್ಟರ್, ಶತ್ರುಗಳು ಕೋಟೆ ಹಿಡಿದರೆ ಪರಿಹಾರ ಸಿಗುವಂತೆ ಲಂಡನ್ನಿನಲ್ಲಿ ವಿಮೆ ಮಾಡಿಸಿದ. ಕೋಟೆ ಫ್ರೆಂಚರ ಪಾಲಾಯಿತು. ಕೋಟೆ ದುರ್ಬಲವಾಗಿದೆ ಎಂಬುದನ್ನು ಮುಚ್ಚಿಟ್ಟಿದ್ದಾನೆ, ಹಣ ಕೊಡೆನೆಂದು ಬೋಹಮ್ ತಕರಾರು ತೆಗೆದ. ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮುಚ್ಚಿಡಬಾರದೆಂಬ ತತ್ವವನ್ನು ಸ್ಪಷ್ಟವಾಗಿಯೇ ಹೇಳಿದರು. ಆದರೆ ಮೊಕದ್ದಮೆ ಗೆದ್ದವನು ಕಾರ್ಟರ್! ವಿಮೆ ಕೊಡುವವನಿಗೆ ಗೊತ್ತಿರುವುದನ್ನು, ಅಥವಾ ಅವನೇ ತಿಳಿದುಕೊಳ್ಳಬೇಕಾದದ್ದನ್ನು ಮತ್ತೆ ಹೇಳಬೇಕಿಲ್ಲ ಎಂಬುದು ಆ ತೀರ್ಪಿನ ಇನ್ನೊಂದು ಮುಖ. ನಮ್ಮ ಕ್ಲೇಮು ತಿರಸ್ಕಾರದ ಪತ್ರಗಳಲ್ಲಿ ಮೊದಲ ಮುಖವಷ್ಟೇ ಕಾಣಿಸುತ್ತದೆ.

ನಮ್ಮ ಸುಪ್ರೀಂ ಕೋರ್ಟೂ ಎರಡೂ ಮುಖಗಳನ್ನು ನೋಡಿದೆ. 2009ರ ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ ಗಂಡ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆಗಳನ್ನು ಹೇಳದೆ ಮೆಡಿಕ್ಲೇಮ್ ಮಾಡಿಸಿದ್ದರು. ಹೆಂಡತಿಗೆ ಹಣ ಸಿಗಲಿಲ್ಲ. 2021ರ ಮನಮೋಹನ್ ನಂದಾ ಪ್ರಕರಣದಲ್ಲಿ ಅಮೆರಿಕಕ್ಕೆ ಹೋದವರಿಗೆ ಅಲ್ಲಿ ಹೃದಯಾಘಾತವಾಯಿತು. ಅವರು ಸಕ್ಕರೆ ಕಾಯಿಲೆ ಇದೆ ಎಂದು ಮೊದಲೇ ತಿಳಿಸಿದ್ದರು. ಕೊಲೆಸ್ಟರಾಲ್ ಮಾತ್ರೆಯ ವಿಷಯ ಹೇಳಲಿಲ್ಲ ಎಂದು ಕಂಪನಿ ಕೈ ಎತ್ತಿತು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬರೆದ ತೀರ್ಪು ನಂದಾ ಅವರ ಪರವಾಗಿ ಬಂತು. ಆರೋಗ್ಯದ ಸ್ಥಿತಿಯನ್ನು ತೂಗಿ ನೋಡಿ ಪಾಲಿಸಿ ಕೊಟ್ಟ ಮೇಲೆ, ಅದೇ ಸ್ಥಿತಿಯನ್ನು ಮುಂದಿಟ್ಟು ಹಣ ನಿರಾಕರಿಸುವಂತಿಲ್ಲ.

ಇದು ಪುಸ್ತಕದ ಮಾತಾಯಿತು. ನಮ್ಮ ಸೊಸೈಟಿಯಲ್ಲಿ ಕಾರು ಓಡಿಸುವ ಇಂಡಿ ಕಡೆಯವರೊಬ್ಬರು ಒಂದು ದಿನ ಕೇಳಿದರು: “ಸರ, ಬಿಪಿ ಐತಿ ಅಂತ ಫಾರ್ಮಿನ್ಯಾಗ ಬರಸ್ಲೋ ಬ್ಯಾಡೋ? ಏಜೆಂಟ್ ಬ್ಯಾಡ ಅಂತಾನ್ರಿ.” ಬರೆಸಿ ಅಂದೆ. “ಹಂಗಂದ್ರ ರೊಕ್ಕ ಜಾಸ್ತಿ ಆಕ್ಕೈತಿ. ಅದನ್ನ ಯಾರ್ ಕೊಡ್ತಾರ್ರಿ?” ಅಂದರು.

ಈ ಪ್ರಶ್ನೆಗೆ ಕಾನೂನಿನ ಉತ್ತರ ಸುಲಭ. ಹೇಳದಿದ್ದರೆ ಬೇಕಾದ ಹೊತ್ತಿಗೆ ಹಣ ಸಿಗದಿರಬಹುದು. ನೀತಿಯ ಉತ್ತರವೂ ಒಂದಿದೆ. ಮುಚ್ಚಿಟ್ಟವನು ಮೋಸ ಮಾಡುವುದು ಕಂಪನಿಗೆ ಎಂದು ನಮಗನ್ನಿಸುತ್ತದೆ. ಆದರೆ ಕ್ಲೇಮಿನ ಹಣ ಎಲ್ಲರೂ ಕಟ್ಟಿದ ಪ್ರೀಮಿಯಂನಿಂದ ಬರುತ್ತದೆ. ಅವನ ಪಾಲನ್ನು ಕೊನೆಗೆ ಹೊರುವವನು ಬಿಪಿ ಇದೆ ಎಂದು ನಿಜ ಬರೆದ ಇನ್ನೊಬ್ಬ ಡ್ರೈವರ್. ಹಾಗಾಗಿ ‘ಬರೆಸಿ’ ಎಂಬ ನನ್ನ ಮಾತಿಗೆ ಈಗಲೂ ಬದ್ಧ.

ಆದರೆ ಸದ್ಭಾವನೆ ಎರಡೂ ಕಡೆಯಿಂದ ಬರಬೇಕಲ್ಲವೇ? ಫಾರ್ಮು ಇಂಗ್ಲಿಷಿನಲ್ಲಿ, ತುಂಬುವವನು ಮರಾಠಿ ಏಜೆಂಟ್, ಸಹಿ ಮಾಡುವವರು ಕನ್ನಡದವರು. ನನ್ನದೇ ಕ್ಷೇತ್ರದಲ್ಲಿ ಕಂಡದ್ದೊಂದನ್ನು ಹೇಳುತ್ತೇನೆ: ಆನ್‌ಲೈನ್ ಫಾರ್ಮಿನಲ್ಲಿ ಕಾಯಿಲೆಯ ಪ್ರಶ್ನೆಗಳಿಗೆಲ್ಲ ಮೊದಲೇ ‘ಇಲ್ಲ’ ಎಂದು ಟಿಕ್ ಬಿದ್ದಿರಲಿ, ಗ್ರಾಹಕರು ಬೇಗ ಮುಗಿಸುತ್ತಾರೆ ಎಂಬ ಬೇಡಿಕೆ. ಆಗ ಆ ‘ಇಲ್ಲ’ ಅಂದವರು ಯಾರು? ಓದದೆ ಮುಂದೆ ಒತ್ತಿದವರೋ, ಓದದಿರಲಿ ಎಂದು ಪರದೆ ಕಟ್ಟಿದವರೋ? ಅಂಥ ಟಿಕ್ ನಮ್ಮ ತಂಡದಿಂದ ಹೋಗುವುದಿಲ್ಲ. ಅದಕ್ಕೆ ಹಟ ಹಿಡಿಯಲು ನನಗೀಗ ಕಾನೂನಿನ ಭಾಷೆ ಸಿಕ್ಕಿದೆ. ಓದಿನ ಲಾಭ ಅಷ್ಟಾದರೂ ಆಯಿತು.

ಕಾನೂನು ಕೂಡ ಈ ದಿಕ್ಕಿಗೇ ಸರಿಯುತ್ತಿದೆ. ಬ್ರಿಟನ್ ತನ್ನ 2012ರ ಕಾಯಿದೆಯಲ್ಲಿ ಸಾಮಾನ್ಯ ಗ್ರಾಹಕ ತಾನಾಗಿ ಎಲ್ಲ ಹೇಳಬೇಕೆಂಬ ಹೊರೆ ತೆಗೆಯಿತು. ಕೇಳಿದ್ದಕ್ಕೆ ಎಚ್ಚರದಿಂದ ನಿಜ ಹೇಳಿದರೆ ಸಾಕು, ಸರಿಯಾಗಿ ಕೇಳುವುದು ಕಂಪನಿಯ ಕೆಲಸ. ನಮ್ಮಲ್ಲಿ 2015ರ ತಿದ್ದುಪಡಿಯ ನಂತರ, ಮೂರು ವರ್ಷ ದಾಟಿದ ಜೀವವಿಮೆಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆರೋಗ್ಯವಿಮೆಗೆ ಈ ಗಡುವು 2024ರಿಂದ ಐದು ವರ್ಷ, ಅಲ್ಲಿ ಸಾಬೀತಾದ ವಂಚನೆಗೆ ಮಾತ್ರ ವಿನಾಯಿತಿ ಇಲ್ಲ.

ಇಷ್ಟಾದರೂ ‘ರೊಕ್ಕ ಯಾರು ಕೊಡ್ತಾರೆ’ ಎಂಬ ಪ್ರಶ್ನೆ ಹಾಗೇ ನಿಂತಿದೆ. 2003ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಅದಕ್ಕೊಂದು ಉತ್ತರ ಕೊಟ್ಟಿತ್ತು. ಸಹಕಾರ ಸಂಘದ ರೈತರು ತಿಂಗಳಿಗೆ 5 ರೂಪಾಯಿಯಂತೆ ಕಟ್ಟಿದರು, ಸರ್ಕಾರವೂ ಸೇರಿಸಿತು. ಕಾಯಿಲೆ ಇದ್ದವರಿಗೂ ಇಲ್ಲದವರಿಗೂ ಒಂದೇ ದರ. ಅಲ್ಲಿ ಕಾಯಿಲೆ ಮುಚ್ಚಿಡಲು ಕಾರಣವೇ ಇರಲಿಲ್ಲ. ನಿಜ ಹೇಳಿದವನಿಗೇ ಹೆಚ್ಚು ದರ ಹಾಕುವ ವ್ಯವಸ್ಥೆಯಲ್ಲಿ ಬಡವನಿಂದ ಪರಮ ಸದ್ಭಾವನೆ ಕೇಳುವವರು, ಆ ನಿಜದ ಬೆಲೆಯಲ್ಲಿ ತಮ್ಮ ಪಾಲೆಷ್ಟು ಎಂದೂ ಹೇಳಬೇಕು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬರಲಾರದು. ಆದರೆ ನಾನು ಓದು ಮುಂದುವರಿಸುತ್ತಿರುವುದು ಇದಕ್ಕಾಗಿಯೇ.