ಬಿಸಿ ಒಂದು ಕಡೆ, ಕಿವಿ ಇನ್ನೊಂದು ಕಡೆ

ಮಗ ಬ್ರೌಸರ್ ತೆರೆದರೆ ಸಾಕು, ಮೇಜಿನ ಕೆಳಗಿನ ಕಂಪ್ಯೂಟರ್ ಬುಸ್ಸೆನ್ನುತ್ತದೆ. ಎರಡು ಕ್ಷಣ ಕಳೆಯುವಷ್ಟರಲ್ಲಿ ಮತ್ತೆ ಸುಮ್ಮನಾಗುತ್ತದೆ. ಅದೇ ಅವನು ಒಂದು ತಾಸು ಆಟಕ್ಕೆ ಕೂತು, ಗ್ರಾಫಿಕ್ಸ್ ಕಾರ್ಡ್ 80 ಡಿಗ್ರಿ ಮುಟ್ಟಿ ಬೇಯುತ್ತಿದ್ದರೂ ಕ್ಯಾಬಿನೆಟ್‌ನ ಫ್ಯಾನುಗಳು ನಿಧಾನಕ್ಕೆ ತಿರುಗುತ್ತಲೇ ಇರುತ್ತವೆ. ಗೇಮಿಂಗ್ ಕಂಪ್ಯೂಟರ್ ಇರುವ ಬಹಳಷ್ಟು ಮನೆಗಳ ಕಥೆ ಇದು. ಫ್ಯಾನು ಕೆಟ್ಟಿದೆ ಎಂದು ಕೆಲವರು ಹೊಸದನ್ನೂ ತರುತ್ತಾರೆ. ಕೆಟ್ಟಿರುವುದು ಫ್ಯಾನಲ್ಲ, ಅದಕ್ಕೆ ಸುದ್ದಿ ಮುಟ್ಟಿಸುವ ವ್ಯವಸ್ಥೆ.

ಕ್ಯಾಬಿನೆಟ್‌ನ ಫ್ಯಾನುಗಳ ವೈರು ಹೋಗಿ ಸೇರುವುದು ಮದರ್‌ಬೋರ್ಡಿಗೆ. ಅಲ್ಲಿನ ಮೂಲ ತಂತ್ರಾಂಶವಾದ ಬಯೋಸ್ ಸಾಮಾನ್ಯವಾಗಿ ನೋಡುವುದು ಪ್ರೊಸೆಸರಿನ ಬಿಸಿಯನ್ನು, ಇಲ್ಲವೇ ಬೋರ್ಡಿನ ಮೇಲಿನದೇ ಒಂದು ಸೆನ್ಸರನ್ನು. ಗ್ರಾಫಿಕ್ಸ್ ಕಾರ್ಡಿನ ಬಿಸಿ ಗೊತ್ತಿರುವುದು ಆ ಕಾರ್ಡಿಗೆ ಮತ್ತು ಅದರ ಡ್ರೈವರಿಗೆ. ಬಯೋಸಿನ ಕಿವಿಗೆ ಅದು ಬೀಳುವುದೇ ಅಪರೂಪ. ಪ್ರೊಸೆಸರೇ ಬಿಸಿಯ ಮುಖ್ಯ ಮೂಲವಾಗಿದ್ದ ಕಾಲಕ್ಕೆ ಇದು ನಡೆಯುತ್ತಿತ್ತು. 2022ರಲ್ಲಿ ಬಂದ ಆರ್‌ಟಿಎಕ್ಸ್ 4090 ಕಾರ್ಡ್ ಒಂದೇ 450 ವಾಟ್‌ವರೆಗೆ ಎಳೆಯುತ್ತದೆ. ಅಷ್ಟೂ ಕೊನೆಗೆ ಬಿಸಿಗಾಳಿಯಾಗಿ ಕ್ಯಾಬಿನೆಟ್ ಒಳಗೇ ಬಂದು ಬೀಳುತ್ತದೆ. ಕಾರ್ಡಿಗೆ ತನ್ನದೇ ಫ್ಯಾನುಗಳಿವೆ, ನಿಜ. ಅವು ಜೋರಾಗಿ ತಿರುಗಿ ಅದೇ ಬಿಸಿಗಾಳಿಯನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತವೆ, ಅಷ್ಟೇ. ಹೊರಗೆ ಹಾಕುವ ಕೆಲಸ ಕ್ಯಾಬಿನೆಟ್ ಫ್ಯಾನಿನದು. ಅಡುಗೆಮನೆ ಹೊಗೆಯಿಂದ ತುಂಬಿರುವಾಗ ಜಗಲಿಯಲ್ಲಿ ಕೂತು ‘ಇಲ್ಲೇನೂ ಇಲ್ಲವಲ್ಲ’ ಎಂದಂತಾಯಿತು ಅದರ ಸ್ಥಿತಿ.

ಅಳೆಯಲು ಸುಲಭವಾದ ಕಡೆ ಅಳತೆಗೋಲು ಇಟ್ಟು, ಅದು ತೋರಿಸಿದ್ದನ್ನೇ ಇಡೀ ಮನೆಯ ವಸ್ತುಸ್ಥಿತಿ ಎಂದು ನಂಬುವುದು ಯಂತ್ರಗಳಿಗಷ್ಟೇ ಇರುವ ಚಾಳಿಯೂ ಅಲ್ಲ. ಇಲ್ಲಾದರೂ ಅದನ್ನು ಸರಿಪಡಿಸುವುದು ಕಷ್ಟವಿಲ್ಲ. ವಿಂಡೋಸ್‌ಗೆ ರೆಮಿ ಮರ್ಸಿಯೆ ಬರೆದ ‘ಫ್ಯಾನ್‌ಕಂಟ್ರೋಲ್’ ಎಂಬ ಉಚಿತ ತಂತ್ರಾಂಶ ಇದೆ. ಯಾವ ಫ್ಯಾನು ಯಾವ ಬಿಸಿಯ ಮಾತು ಕೇಳಬೇಕೆಂದು ಅದರಲ್ಲಿ ಹೇಳಬಹುದು. ಲಿನಕ್ಸ್‌ನಲ್ಲಿ ಎಲ್ಎಂ-ಸೆನ್ಸರ್ಸ್ ಎಂಬ ತಂತ್ರಾಂಶದ ಜೊತೆ ಬರುವ ಸಲಕರಣೆ, ಕಾರ್ಡಿನ ಬಿಸಿ ಅದಕ್ಕೆ ಕಾಣುವಂತಿದ್ದರೆ, ಇದೇ ಕೆಲಸ ಮಾಡುತ್ತದೆ. ಆಸುಸ್‌ನ ಕೆಲವು ಕಾರ್ಡುಗಳಲ್ಲಂತೂ ಕ್ಯಾಬಿನೆಟ್ ಫ್ಯಾನಿನ ನಾಲ್ಕು ಪಿನ್ನಿನ ವೈರನ್ನು ಕಾರ್ಡಿಗೇ ಸಿಕ್ಕಿಸಲು ಜಾಗವಿದೆ. ತಂತ್ರಾಂಶದ ಗೊಡವೆಯೇ ಬೇಡವೆನ್ನುವವರಿಗೆ ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ.

ಸ್ವಭಾವದಲ್ಲೂ ಕ್ಯಾಬಿನೆಟ್ ಫ್ಯಾನಿಗೆ ಹೊಂದುವುದು ಕಾರ್ಡಿನ ಬಿಸಿಯೇ. ಪ್ರೊಸೆಸರಿನ ಚಿಪ್ ಉಗುರಿನಷ್ಟು. ಸಣ್ಣ ಕೆಲಸಕ್ಕೂ ಒಂದೇ ಸೆಕೆಂಡಿನಲ್ಲಿ ಹದಿನೈದಿಪ್ಪತ್ತು ಡಿಗ್ರಿ ಜಿಗಿದು ಇಳಿಯುತ್ತದೆ. ದೊಡ್ಡ ಕಾರ್ಡಿನ ಬೆನ್ನಿಗೆ ಕಿಲೋಗಟ್ಟಲೆ ಲೋಹ ಇರುತ್ತದೆ. ಅದು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಡಬ್ಬದ ಗಾಳಿ ಬದಲಾಗುವ ವೇಗವೂ ಅದೇ. ಆದರೂ 60 ಡಿಗ್ರಿಗೆ ಏರಿಸು, 60ಕ್ಕೇ ಇಳಿಸು ಎಂದು ಬರೆದರೆ ಫ್ಯಾನು 59ಕ್ಕೂ 61ಕ್ಕೂ ನಡುವೆ ಏದುಸಿರು ಬಿಡುತ್ತದೆ. 60ಕ್ಕೆ ಏರಿದ್ದು 55ಕ್ಕೆ ಬರುವ ತನಕ ಇಳಿಯಬಾರದು. ತಿಳಿದವರು ಇದನ್ನು ಹಿಸ್ಟರಿಸಿಸ್ ಎನ್ನುತ್ತಾರೆ. ಕಿವಿ ಒಂದೇ ಸಮನಾದ ಸದ್ದನ್ನು ಸಹಿಸುತ್ತದೆ, ಏರಿಳಿಯುವ ಸದ್ದನ್ನು ಸಹಿಸುವುದಿಲ್ಲ.

ಪೂರ್ತಿ ವೇಗದ ಆಸೆಯೂ ಬೇಡ. ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಕೊನೆಯ ಒಂದೆರಡು ಡಿಗ್ರಿಗಾಗಿ ಇಡೀ ಮನೆಯ ನಿದ್ದೆ ಕೆಡಿಸುವುದು ದುಬಾರಿ ವ್ಯಾಪಾರ. ಹಾಗೆಂದು ಪ್ರೊಸೆಸರನ್ನು ಪೂರ್ತಿ ಮರೆಯುವಂತೆಯೂ ಇಲ್ಲ. ವಿಡಿಯೊ ಎಡಿಟಿಂಗ್‌ನಂಥ ಕೆಲಸದಲ್ಲಿ ಬಿಸಿ ಅಲ್ಲಿಂದಲೇ ಬರಬಹುದು. ಎರಡರಲ್ಲಿ ಯಾವುದರ ಬೇಡಿಕೆ ಹೆಚ್ಚೋ ಅದರ ಮಾತು ಕೇಳು ಎಂದು ಫ್ಯಾನ್‌ಕಂಟ್ರೋಲ್‌ನಲ್ಲಿ ಹೇಳಬಹುದು. ತಂತ್ರಾಂಶ ಕೈಕೊಟ್ಟ ದಿನಕ್ಕೆಂದು ಬಯೋಸಿನಲ್ಲೂ ಮರ್ಯಾದೆಯ ಒಂದು ಕನಿಷ್ಠ ವೇಗ ಇಟ್ಟಿರಬೇಕು.

ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಕೋಣೆಯೇ 40 ಡಿಗ್ರಿಗೆ ಹೋದಾಗ ಯಾವ ಫ್ಯಾನೂ ಕಾರ್ಡನ್ನು ಅದಕ್ಕಿಂತ ತಣ್ಣಗೆ ಮಾಡಲಾರದು. ಆಗ ಆಟದ ಫ್ರೇಮ್ ಮಿತಿಯನ್ನು ಸೆಕೆಂಡಿಗೆ 60ಕ್ಕೆ ಇಳಿಸುವುದು, ಮುಂದಿನ ಜಾಲರಿಗೆ ಮೆತ್ತಿದ ಧೂಳನ್ನು ಹಳೆಯ ಬ್ರಷ್ಷಿನಿಂದ ಕೊಡವುವುದು, ಗೋಡೆಗೆ ಆನಿಸಿಟ್ಟ ಕ್ಯಾಬಿನೆಟ್ಟನ್ನು ಒಂದು ಗೇಣು ಮುಂದಕ್ಕೆ ಎಳೆಯುವುದು ಹೆಚ್ಚು ಕೆಲಸಕ್ಕೆ ಬರುತ್ತವೆ.