ಗೋಡೆಯೊಳಗಣ ಕೆಲಸದ ನ್ಯಾಯವಾದ ಬೆಲೆ

ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಹುಟ್ಟಿಸುವ ಕಾರ್ಯವು 1902ನೆಯ ಇಸವಿಯಲ್ಲಿ ಆರಂಭವಾಯಿತು. ಕೊಳ್ಳೇಗಾಲಕ್ಕೆ ಇಷ್ಟು ಸಮೀಪದಲ್ಲಿ ಹುಟ್ಟಿದ ಆ ಶಕ್ತಿಯು ಮೊದಲು ಹರಿದದ್ದು ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಅದು ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. ಈ ಸೀಮೆಯ ಹಳ್ಳಿಯ ಮನೆಗಳಿಗೆ ವಿದ್ಯುದ್ದೀಪವು ಬಂದದ್ದು ಬಹು ಕಾಲದ ತರುವಾಯ. ಈಗಲಾದರೋ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಮನೆ ಕಟ್ಟುವವನು ಗಾರೆಯವನನ್ನು ಹುಡುಕುವಂತೆಯೇ ವೈರಿಂಗಿನವನನ್ನೂ ಹುಡುಕುತ್ತಾನೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು ಅನೇಕ ಮನೆಗಳಿಂದ ತಿಂಗಳ ಬಿಲ್ಲಿನ ಭಾರವನ್ನು ಇಳಿಸಿತಾದರೂ, ತಂತಿ ಎಳೆಯಿಸುವ ಖರ್ಚು ಮನೆಯವನ ತಲೆಯ ಮೇಲೆಯೇ ಉಳಿಯಿತು. ಆದಕಾರಣ, ಪ್ರಿಯ ವಾಚಕರೇ, ಒಂದು ಪ್ರಶ್ನೆಯನ್ನು ವಿಚಾರಿಸೋಣ: ಯಾರ ಸಂಬಳದಲ್ಲಿಯೂ ಇರದೆ ಸ್ವಂತವಾಗಿ ದುಡಿಯುವ ಈ ಕೆಲಸಗಾರನು ಕೇಳತಕ್ಕ ನ್ಯಾಯವಾದ ಬೆಲೆಯು ಯಾವದು?

ಬೆಲೆಯನ್ನು ಗೊತ್ತುಮಾಡುವ ಕ್ರಮಗಳು ಮುಖ್ಯವಾಗಿ ಮೂರು. ಒಂದನೆಯದು ಪಾಯಿಂಟಿನ ಲೆಕ್ಕ. ದೀಪಕ್ಕೆ ಒಂದು, ಫ್ಯಾನಿಗೆ ಒಂದು, ಪ್ಲಗ್ಗಿಗೆ ಒಂದು ಎಂದು ಎಣಿಸಿ, ಒಂದೊಂದಕ್ಕೆ ಇಷ್ಟು ಕೂಲಿಯೆಂದು ಹೇಳುವದು. ಎರಡನೆಯದು ದಿನಗೂಲಿ. ಮೂರನೆಯದು ಸಾಮಾನೂ ಕೂಲಿಯೂ ಸೇರಿದ ಒಟ್ಟು ಗುತ್ತಿಗೆ. ಪಾಯಿಂಟಿನ ಲೆಕ್ಕದವನಿಗೆ ಪಾಯಿಂಟುಗಳನ್ನು ಹೆಚ್ಚಿಸುವದಕ್ಕೂ ಅವಸರಪಡುವದಕ್ಕೂ ಮನಸ್ಸಾಗುವದು. ದಿನಗೂಲಿಯವನಿಗೆ ಮೂರು ದಿನದ ಕೆಲಸವನ್ನು ಐದು ದಿನ ಎಳೆಯುವ ಮನಸ್ಸಾಗುವದು. ಗುತ್ತಿಗೆಯವನಿಗೆ ಸಾಮಾನಿನಲ್ಲಿ ಉಳಿಸಿಕೊಳ್ಳುವ ಮನಸ್ಸಾಗುವದು. ಹೀಗೆ ಒಂದೊಂದು ಕ್ರಮಕ್ಕೂ ಅದರದೇ ಶೋಧನೆಯುಂಟು. ಕ್ರಮವನ್ನು ಬದಲಾಯಿಸಿದ ಮಾತ್ರಕ್ಕೆ ನ್ಯಾಯವು ಬರಲಾರದು.

ಇದಕ್ಕೆ ಕಾರಣವೇನೆಂದರೆ, ಈ ಕೆಲಸವು ಕೊಳ್ಳುವವನ ಕಣ್ಣಿಗೆ ಕಾಣುವದಿಲ್ಲ. ಕೊಳ್ಳೇಗಾಲದ ರೇಷ್ಮೆಯ ಸೀರೆಯನ್ನು ಕೊಳ್ಳುವವಳು ಅದನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಸೆರಗನ್ನೂ ಅಂಚನ್ನೂ ಮುಟ್ಟಿ ನೋಡಿ ಬೆಲೆಯ ಮಾತಾಡುತ್ತಾಳೆ. ಗೋಡೆ ಕೊರೆದು, ಪೈಪು ಹೂತು, ಮೇಲೆ ಗಾರೆ ಬಳಿದ ಮೇಲೆ ತಂತಿಯನ್ನು ಯಾರು ಮುಟ್ಟಿ ನೋಡುವರು? ಪ್ಲಗ್ಗಿಗೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯು ಬೇಕಾದಲ್ಲಿ 1ರ ತಂತಿಯನ್ನು ಎಳೆದರೂ ಮಿಕ್ಸಿ ತಿರುಗುವದು. ಆದರೆ ಅಷ್ಟೇ ವಿದ್ಯುತ್ತು ಹರಿಯುವಾಗ ಸಣ್ಣ ತಂತಿಯಲ್ಲಿ ಎರಡೂವರೆ ಪಾಲು ಕಾವು ಹುಟ್ಟುವದು. ಕಾವಿನಿಂದ ಹೊದಿಕೆಯು ಕೆಡುವದು. ನೆಲದಲ್ಲಿ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಲೂ ಉಪ್ಪೂ ತುಂಬಿ ಮಾಡುವ ಅರ್ಥಿಂಗನ್ನು ಬಿಟ್ಟುಬಿಟ್ಟರೂ ದೀಪ ಉರಿಯುವದು. 30 ಮಿಲಿಆಂಪಿಯರಿನಷ್ಟು ವಿದ್ಯುತ್ತು ಸೋರಿದರೆ ತಾನೇ ಸಂಪರ್ಕವನ್ನು ಕಡಿಯುವ ಆರ್.ಸಿ.ಸಿ.ಬಿ.ಯನ್ನು ಇಡದಿದ್ದರೂ ಉರಿಯುವದು. ಒದ್ದೆ ಕೈಯ ಮಗುವೊಂದು ಕೆಟ್ಟ ಇಸ್ತ್ರಿಪೆಟ್ಟಿಗೆಯನ್ನು ಮುಟ್ಟುವ ದಿನದ ವರೆಗೂ ಆ ಲೋಪವು ಯಾರಿಗೂ ತಿಳಿಯದು.

20 ಪಾಯಿಂಟುಗಳ ಮನೆಗೆ ಒಬ್ಬನು ಪಾಯಿಂಟಿಗೆ 300 ರೂಪಾಯಿಯನ್ನೂ ಮತ್ತೊಬ್ಬನು 200 ರೂಪಾಯಿಯನ್ನೂ ಕೇಳಿದನೆಂದು ಇಟ್ಟುಕೊಳ್ಳೋಣ. ವ್ಯತ್ಯಾಸವು 2000 ರೂಪಾಯಿ. ಮೊದಲನೆಯವನ ಲೆಕ್ಕದಲ್ಲಿ ಅರ್ಥಿಂಗಿನ ಗುಂಡಿಯೂ ಕಡೆಯ ಪರೀಕ್ಷೆಯೂ ಸೇರಿದ್ದು, ಎರಡನೆಯವನ ಲೆಕ್ಕದಲ್ಲಿ ಸೇರದಿದ್ದರೆ, ಅಗ್ಗವೆಂಬ ಮಾತಿಗೆ ಅರ್ಥವೇನು? ಅವನು ಕಡಿಮೆಗೆ ಕೊಟ್ಟದ್ದು ಬೇರೆಯೇ ಒಂದು ಕೆಲಸವಾಗಿದೆ.

ಮತ್ತೊಂದು ಮರೆಯುಂಟು. ಇಂಥ ಅಂಗಡಿಯಲ್ಲೇ ಸಾಮಾನು ಕೊಳ್ಳಿರೆಂದು ಕೆಲಸಗಾರನು ಹೇಳಿ, ಅಂಗಡಿಯವನಿಂದ ಕಮಿಷನ್ ತೆಗೆದುಕೊಂಡರೆ, ಆ ಹಣವು ಬರುವದು ಮನೆಯವನ ಚೀಲದಿಂದಲೇ. ಇದಕ್ಕೆ ಕೆಲಸಗಾರನು, “ಕಾಣುವ ಕೂಲಿಯನ್ನು ನೀವು ಜಗ್ಗಾಡಿ ಇಳಿಸುತ್ತೀರಿ, ಕಾಣದ ಕಡೆಯಿಂದ ನಾನು ಹೊಟ್ಟೆ ತುಂಬಿಸಿಕೊಳ್ಳಬೇಕಾಗಿದೆ,” ಎಂದು ಉತ್ತರ ಕೊಡಬಹುದು. ಈ ಮಾತನ್ನು ಸುಮ್ಮನೆ ತಳ್ಳಿಬಿಡಲಾಗದು. ಅವನಿಗೆ ಕೆಲಸವಿಲ್ಲದ ದಿನಗಳುಂಟು. ಜ್ವರ ಬಂದರೆ ರಜೆಯ ಸಂಬಳವಿಲ್ಲ, ಮುಪ್ಪಿಗೆ ಪಿಂಚಣಿಯಿಲ್ಲ. ಡ್ರಿಲ್ಲೂ ಟೆಸ್ಟರೂ ಬೈಕಿನ ಪೆಟ್ರೋಲೂ ಅವನ ಖರ್ಚೇ. ಕೊಳ್ಳೇಗಾಲದಿಂದ ಹನೂರಿನ ಆಚೆಗಿರುವ ಕಾಡಂಚಿನ ಊರಿಗೆ ಹೋಗಿ ಬರುವವನಿಗೆ ದಾರಿಯಲ್ಲೇ ಹೊತ್ತು ಕಳೆಯುವದು. ಇವೆಲ್ಲವನ್ನೂ ಕೂಲಿಯಲ್ಲಿ ಸೇರಿಸಿ ಕೇಳುವದು ಅತ್ಯಾಶೆಯಲ್ಲ. ಆದರೆ ಹೆಸರು ಹೇಳಿ ಕೇಳಬೇಕು. ದಾರಿಯ ಖರ್ಚನ್ನು ಇಲ್ಲದ ಪಾಯಿಂಟಿನಲ್ಲಿಯೂ, ಕೂಲಿಯನ್ನು ತಂತಿಯ ಬೆಲೆಯಲ್ಲಿಯೂ ಅಡಗಿಸುವದು ಸುಳ್ಳೇ. ಮನೆಯವನಾದರೋ ಬಹಿರಂಗವಾಗಿ ಕೇಳಿದ ನ್ಯಾಯವಾದ ಕೂಲಿಯನ್ನು ಮುರಿದು, ಗುಟ್ಟಾದ ಲಾಭಕ್ಕೆ ದಾರಿಮಾಡಿಕೊಟ್ಟರೆ, ಆ ಸುಳ್ಳಿನಲ್ಲಿ ಪಾಲುಗಾರನಾಗುತ್ತಾನೆ.

ಪರವಾನಗಿಯುಳ್ಳ ಗುತ್ತಿಗೆದಾರನ ವಿಷಯವಾಗಿಯೂ ಒಂದು ಮಾತು. ವೈರಿಂಗು ಸರಿಯಾಗಿ ಮುಗಿದಿದೆಯೆಂದು ಅವನು ರುಜು ಹಾಕುತ್ತಾನೆ. ತಾನು ಕಣ್ಣಿಂದ ನೋಡದ ಮನೆಗೆ ಹಣ ತೆಗೆದುಕೊಂಡು ರುಜು ಹಾಕುವವನು ಕೆಲಸವನ್ನಲ್ಲ, ತನ್ನ ಹೆಸರನ್ನೇ ಮಾರಿದಂತಾಯಿತು.

ಹಾಗಾದರೆ ಬಡವನು ಏನು ಮಾಡಬೇಕೆಂದು ಕೆಲವರು ಕೇಳಬಹುದು. ಎರಡು ಕೋಣೆಯ ಮನೆಯವನಿಂದ ಪೂರಾ ಬೆಲೆಯನ್ನು ವಸೂಲು ಮಾಡುವದು ಕಠಿಣವಲ್ಲವೇ? ಕಠಿಣವೇ ಸರಿ. ಕನಿಕರವುಳ್ಳವನು ಕಡಿಮೆ ತೆಗೆದುಕೊಳ್ಳಲಿ. ಆದರೆ ಆ ಕನಿಕರವನ್ನು ತನ್ನ ಕೂಲಿಯಲ್ಲಿ ತೋರಿಸಲಿ, ತಂತಿಯಲ್ಲಿ ತೋರಿಸದಿರಲಿ. ಸಣ್ಣ ತಂತಿಯನ್ನು ಎಳೆದು ಬಡವನಿಗೆ ಉಪಕಾರ ಮಾಡಿದೆನೆನ್ನುವವನು ತನ್ನ ದಾನದ ಸಾಲವನ್ನು ಬಡವನ ಮಕ್ಕಳ ಮೇಲೆ ಹೊರಿಸುತ್ತಾನೆ. ಮನೆಯವನು ಸಹ ಹಣ ಸಾಲದಿದ್ದರೆ ಪಾಯಿಂಟುಗಳನ್ನು ಕಡಿಮೆಮಾಡಲಿ. ಹತ್ತರ ಬದಲು ಆರು ಇರಲಿ, ಉಳಿದದ್ದು ಮುಂದಿನ ಬೆಳೆಯ ಮೇಲೆ ಆಗಲಿ. ಅರ್ಥಿಂಗನ್ನೂ ಆರ್.ಸಿ.ಸಿ.ಬಿ.ಯನ್ನೂ ಬಿಡದಿರಲಿ.

ಆದಕಾರಣ ಕೆಲಸಕ್ಕೆ ಮುಂಚೆಯೇ ಇಬ್ಬರೂ ಕೂತು ಒಂದು ಕಾಗದದ ಮೇಲೆ ಬರೆದುಕೊಳ್ಳುವದು ಉತ್ತಮ: ಎಷ್ಟು ಪಾಯಿಂಟು, ಯಾವ ಅಳತೆಯ ತಂತಿ, ಅರ್ಥಿಂಗಿಗೆ ಎಷ್ಟು, ಕೂಲಿ ಎಷ್ಟು, ದಾರಿಗೆ ಎಷ್ಟು. ಗಾರೆ ಬಳಿಯುವ ಮುಂಚೆ ಮನೆಯವನು ಒಂದು ಸಾರಿ ಪೈಪನ್ನೂ ತಂತಿಯನ್ನೂ ನೋಡಲಿ; ಕೆಲಸಗಾರನೇ ಅವನನ್ನು ಕರೆದು ತೋರಿಸಲಿ. ಕೆಲಸ ಮುಗಿದ ದಿನವೇ ಕೂಲಿಯನ್ನು ತಡಮಾಡದೆ ಕೊಡಲಿ. ನೆರೆಯವನು ನೋಡಲಾಗದ ಸ್ಥಳದಲ್ಲಿ ಅವನಿಗೆ ಒಳ್ಳೆಯದನ್ನು ಮಾಡಿದವನು, ಎಲ್ಲರೂ ನೋಡುವ ಸ್ಥಳದಲ್ಲಿ ತನ್ನ ಕೂಲಿಯನ್ನು ಕೇಳುವದಕ್ಕೆ ನಾಚಬೇಕಾಗಿಲ್ಲ.